ಪವರ್ ಟ್ರಾನ್ಸಿಸ್ಟರ್ ಒಳಗೆ ಏನಿದೆ, ಅದು ಏಕೆ ಸುಡುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಡಿಪ್ಲೊಮಾ ಮತ್ತು ಐಟಿಐ ವಿದ್ಯಾರ್ಥಿಗಳು, ಗದಗ, ಹಾವೇರಿ ಕಡೆಯ ಆಂಪ್ಲಿಫೈಯರ್ ದುರಸ್ತಿಗಾರರು ಪವರ್ ಟ್ರಾನ್ಸಿಸ್ಟರಿನ ಬಗ್ಗೆ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಬೇಸ್, ಎಮಿಟರ್, ಕಲೆಕ್ಟರ್ ಎಂದರೇನು ಎಂಬಷ್ಟು ಗೊತ್ತಿದ್ದರೆ ಸಾಕು. ಓದುತ್ತ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಕಲೆಕ್ಟರ್ ಬದಿಯಲ್ಲಿರುವ, ಡೋಪಿಂಗ್ (ಸಿಲಿಕಾನ್‌ಗೆ ಬೆರೆಸುವ ಕಲ್ಮಶದ ಪ್ರಮಾಣ) ಬಹಳ ಕಡಿಮೆ ಇರುವ ದಪ್ಪನೆಯ ಪದರ. ಈ ಸಾಧನದ ಶಕ್ತಿಗೂ ಸಂಕಟಕ್ಕೂ ಮೂಲ ಅದೇ. ಅದನ್ನು ಹಿಡಿದುಕೊಂಡರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಸಣ್ಣ ಟ್ರಾನ್ಸಿಸ್ಟರನ್ನೇ ದೊಡ್ಡದಾಗಿ ಮಾಡಿದರೆ ಪವರ್ ಟ್ರಾನ್ಸಿಸ್ಟರ್ ಆಗುವುದಿಲ್ಲವೇ?

ಆಗುವುದಿಲ್ಲ. ಎಲ್ಲರ ಕಿಟ್‌ನಲ್ಲೂ ಇರುವ ಬಿಸಿ547 ತೆಗೆದುಕೊಳ್ಳಿ. ಅದು 45 ವೋಲ್ಟ್, 100 ಮಿಲಿಆಂಪಿಯರ್‌ವರೆಗೆ ಕೆಲಸ ಮಾಡುತ್ತದೆ. ಅದರ ಚಿಪ್‌ನ ಉದ್ದಗಲವನ್ನು ಹಿಗ್ಗಿಸಿದರೆ ಹೆಚ್ಚು ಕರೆಂಟ್ ಹರಿಯಬಹುದು. ಆದರೆ ತಡೆಯಬಲ್ಲ ವೋಲ್ಟೇಜ್ ಒಂದಿಷ್ಟೂ ಏರುವುದಿಲ್ಲ, ಹುಟ್ಟಿದ ಶಾಖ ಹೊರಹೋಗಲು ದಾರಿಯೂ ಸಿಗುವುದಿಲ್ಲ. ಹೆಚ್ಚು ಕರೆಂಟ್, ಹೆಚ್ಚು ವೋಲ್ಟೇಜ್, ಹೆಚ್ಚು ಶಾಖ ಈ ಮೂರನ್ನೂ ಒಟ್ಟಿಗೆ ನಿಭಾಯಿಸಬೇಕಾದರೆ ಒಳರಚನೆಯನ್ನೇ ಬೇರೆ ರೀತಿಯಲ್ಲಿ ಕಟ್ಟಬೇಕಾಗುತ್ತದೆ.

ಆ ಒಳರಚನೆ ಹೇಗಿರುತ್ತದೆ?

ಪವರ್ ಟ್ರಾನ್ಸಿಸ್ಟರಿನಲ್ಲಿ ಕರೆಂಟ್ ಚಿಪ್‌ನ ಮೇಲ್ಮೈಯಲ್ಲಿ ಅಡ್ಡಡ್ಡ ಹರಿಯದೆ ಮೇಲಿನಿಂದ ಕೆಳಕ್ಕೆ ಲಂಬವಾಗಿ ಹರಿಯುತ್ತದೆ. ಚಿಪ್‌ನ ಇಡೀ ವಿಸ್ತೀರ್ಣ ಬಳಕೆಗೆ ಬರುವುದು ಹೀಗಾಗಿಯೇ. ಎನ್‌ಪಿಎನ್ ಮಾದರಿಯಲ್ಲಿ ಮೇಲಿನಿಂದ ಕೆಳಕ್ಕೆ ನಾಲ್ಕು ಪದರಗಳಿವೆ. ಮೊದಲನೆಯದು ಎಮಿಟರ್: ಸುಮಾರು 10 ಮೈಕ್ರಾನ್ ದಪ್ಪ, ಬಹಳ ಗಾಢವಾದ ಡೋಪಿಂಗ್. ಅದರ ಕೆಳಗೆ ಬೇಸ್: 5ರಿಂದ 20 ಮೈಕ್ರಾನ್. ಬೇಸ್‌ನ ಕೆಳಗಿರುವುದೇ ನಾನು ಆರಂಭದಲ್ಲಿ ಹೇಳಿದ ಪದರ. ಅದನ್ನು ಡ್ರಿಫ್ಟ್ ಪದರ ಎನ್ನುತ್ತಾರೆ. ಎಷ್ಟು ವೋಲ್ಟೇಜ್ ತಡೆಯಬೇಕು ಎಂಬುದರ ಮೇಲೆ ಅದರ ದಪ್ಪ 50ರಿಂದ 200 ಮೈಕ್ರಾನ್‌ವರೆಗೆ ಇರುತ್ತದೆ. ಎಮಿಟರ್‌ಗೆ ಹೋಲಿಸಿದರೆ ಅದರ ಡೋಪಿಂಗ್ ಸುಮಾರು ಲಕ್ಷಪಾಲು ಕಡಿಮೆ. ಎಲ್ಲಕ್ಕಿಂತ ಕೆಳಗೆ ಮತ್ತೆ ಗಾಢ ಡೋಪಿಂಗ್‌ನ ಕಲೆಕ್ಟರ್ ಬುನಾದಿ ಇದ್ದು, ಅದು ನೇರವಾಗಿ ಲೋಹಕ್ಕೆ ಬೆಸೆದಿರುತ್ತದೆ.

ಡ್ರಿಫ್ಟ್ ಪದರ ಏಕೆ ಬೇಕು? ಟ್ರಾನ್ಸಿಸ್ಟರ್ ಆಫ್ ಇದ್ದಾಗ ಹೊರಗಿನ ವೋಲ್ಟೇಜ್ ಪೂರ್ತಿ ಕಲೆಕ್ಟರ್-ಬೇಸ್ ಸಂಧಿಯ (ಎರಡು ಪದರಗಳು ಕೂಡುವ ಜಾಗದ) ಮೇಲೆ ಬೀಳುತ್ತದೆ. ಡೋಪಿಂಗ್ ಗಾಢವಾಗಿದ್ದರೆ ಆ ವೋಲ್ಟೇಜೆಲ್ಲ ಬಹಳ ಕಿರಿದಾದ ಜಾಗದಲ್ಲಿ ಒತ್ತಿಕೊಂಡು ವಿದ್ಯುತ್ ಕ್ಷೇತ್ರ ಮಿತಿಮೀರುತ್ತದೆ, ಸಂಧಿ ಒಡೆಯುತ್ತದೆ. ಡೋಪಿಂಗ್ ಕಡಿಮೆ ಇದ್ದರೆ ಅದೇ ವೋಲ್ಟೇಜ್ ಹೆಚ್ಚು ಆಳಕ್ಕೆ ಹರಡಿಕೊಳ್ಳುತ್ತದೆ. ಲೆಕ್ಕ ಹಾಕಿದರೆ, 1000 ವೋಲ್ಟ್ ತಡೆಯಲು ಸುಮಾರು 100 ಮೈಕ್ರಾನ್ ದಪ್ಪದ ಸಿಲಿಕಾನ್ ಬೇಕಾಗುತ್ತದೆ. ಅದೇ ಪದರ ಟ್ರಾನ್ಸಿಸ್ಟರ್ ಆನ್ ಆದಾಗ ಕರೆಂಟಿಗೆ ಅಡ್ಡ ನಿಲ್ಲುವ ರೋಧವೂ ಆಗುತ್ತದೆ. ಅಲ್ಲಿಂದ ಮುಂದಿನ ಕಥೆಯೆಲ್ಲ ಶುರು.

ಟಿಒ-3 ಎಂಬ ಲೋಹದ ಡಬ್ಬಿಯಲ್ಲಿ ಎರಡೇ ಕಾಲುಗಳಿವೆ. ಮೂರನೆಯದು ಎಲ್ಲಿ?

ಡಬ್ಬಿಯ ಲೋಹವೇ ಕಲೆಕ್ಟರ್. ಶಾಖ ಹುಟ್ಟುವುದು ಹೆಚ್ಚಾಗಿ ಕಲೆಕ್ಟರ್ ಸಂಧಿಯಲ್ಲಿ. ಅದನ್ನು ಹೊರಹಾಕಲು ಚಿಪ್‌ನ ತಳವನ್ನು ಲೋಹಕ್ಕೆ ಬೆಸೆಯುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಟಿಒ-220, ಟಿಒ-247 ಮೊದಲಾದ ಪ್ಲಾಸ್ಟಿಕ್ ಮಾದರಿಗಳಲ್ಲೂ ಹಿಂಬದಿಯ ಲೋಹದ ಪಟ್ಟಿ ಸಾಮಾನ್ಯವಾಗಿ ಮಧ್ಯದ ಕಾಲಿಗೆ, ಅಂದರೆ ಕಲೆಕ್ಟರ್‌ಗೆ ಸೇರಿರುತ್ತದೆ. ಹೀಟ್ ಸಿಂಕ್ (ಶಾಖ ಹೊರಹಾಕುವ ರೆಕ್ಕೆಗಳಿರುವ ಲೋಹ) ಮತ್ತು ಟ್ರಾನ್ಸಿಸ್ಟರಿನ ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕುವುದು ಕಲೆಕ್ಟರ್ ಸಿಂಕ್‌ಗೆ ಶಾರ್ಟ್ ಆಗದಿರಲಿ ಎಂದು. ಕೂರಿಸಿದ ಮೇಲೆ ಮೀಟರಿನಲ್ಲಿ ಬಾಡಿ ಮತ್ತು ಸಿಂಕ್ ನಡುವೆ ಶಾರ್ಟ್ ಇದೆಯೇ ಎಂದು ನೋಡದೆ ಕರೆಂಟ್ ಕೊಡಬೇಡಿ. ಸಿಂಕ್‌ನ ರಂಧ್ರದ ಅಂಚಿನಲ್ಲಿ ಉಳಿದ ಒಂದು ಸಣ್ಣ ಲೋಹದ ಮುಳ್ಳು ಮೈಕಾವನ್ನು ತೂರಿಬಿಡುತ್ತದೆ.

ಚಿಪ್‌ನ ಮೇಲೆ ಎಮಿಟರ್ ಮತ್ತು ಬೇಸ್ ಬಾಚಣಿಗೆಯ ಹಲ್ಲುಗಳಂತೆ ಹೆಣೆದುಕೊಂಡಿರುವುದು ಏಕೆ?

ಟಿಒ-3 ಡಬ್ಬಿಯ ಎನ್‌ಪಿಎನ್ ಪವರ್ ಟ್ರಾನ್ಸಿಸ್ಟರ್ ಆದ 2ಎನ್3055, ಹಾಳಾದದ್ದು ಒಂದರ ಮುಚ್ಚಳವನ್ನು ಹ್ಯಾಕ್ಸಾದಿಂದ ಅಂಚಿನುದ್ದಕ್ಕೂ ಕೊಯ್ದು ತೆಗೆದು ನೋಡಿ. ಅಷ್ಟು ದೊಡ್ಡ ಡಬ್ಬಿಯ ನಡುವೆ ಕೆಲವೇ ಮಿಲಿಮೀಟರ್ ಚೌಕದ ಬೂದುಬಣ್ಣದ ಚಿಪ್ ಕುಳಿತಿರುತ್ತದೆ. ಎರಡು ಕಾಲುಗಳ ತುದಿಯಿಂದ ಒಂದೊಂದು ತಂತಿ ಅದರ ಮೇಲಕ್ಕೆ ಬಂದಿರುತ್ತದೆ. ಕೈಗಾಜು ಹಿಡಿದರೆ ಬೇಸ್ ಮತ್ತು ಎಮಿಟರ್‌ನ ಲೋಹದ ಪಟ್ಟಿಗಳು ಒಂದರೊಳಗೊಂದು ಸೇರಿಕೊಂಡಿರುವುದು ಕಾಣುತ್ತದೆ. ಹೀಗೆ ಕೊಯ್ಯುವಾಗ ಒಂದು ಎಚ್ಚರಿಕೆ: ರೇಡಿಯೋ ಪ್ರಸಾರಕ್ಕೆ ಬಳಸುವ ಆರ್‌ಎಫ್ ಪವರ್ ಟ್ರಾನ್ಸಿಸ್ಟರುಗಳನ್ನು ಎಂದಿಗೂ ಒಡೆಯಬೇಡಿ. ಅವುಗಳ ಪಿಂಗಾಣಿಯಲ್ಲಿ ಬೆರಿಲಿಯಂ ಆಕ್ಸೈಡ್ ಇರಬಹುದು. ಅದರ ಪುಡಿ ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಘೋರ ಅಪಾಯ.

ಈಗ ಕಾರಣ. ಬೇಸ್ ಕರೆಂಟ್ ಎಮಿಟರ್‌ನ ಅಡಿಯಲ್ಲಿ ಅಡ್ಡಲಾಗಿ ಹರಿಯಬೇಕು. ಆ ತೆಳು ಪದರದ ರೋಧದಿಂದಾಗಿ ದಾರಿಯುದ್ದಕ್ಕೂ ವೋಲ್ಟೇಜ್ ಸ್ವಲ್ಪ ಸ್ವಲ್ಪ ಇಳಿಯುತ್ತ ಹೋಗುತ್ತದೆ. ಎಮಿಟರ್‌ನ ಅಂಚಿಗೆ ಹೆಚ್ಚು, ನಡುವಿಗೆ ಕಡಿಮೆ ವೋಲ್ಟೇಜ್ ಸಿಗುತ್ತದೆ. ಬೇಸ್-ಎಮಿಟರ್ ವೋಲ್ಟೇಜ್ ಕೇವಲ 18 ಮಿಲಿವೋಲ್ಟ್ ಬದಲಾದರೆ ಕರೆಂಟ್ ಎರಡು ಪಟ್ಟಾಗುವ ಸಾಧನ ಇದು. ಹಾಗಾಗಿ ಕರೆಂಟೆಲ್ಲ ಅಂಚಿಗೆ ಗುಂಪುಗೂಡುತ್ತದೆ, ನಡುಭಾಗ ಸುಮ್ಮನೆ ಕೂರುತ್ತದೆ. ಎಮಿಟರನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿ ನಡುನಡುವೆ ಬೇಸ್ ಪಟ್ಟಿ ತಂದರೆ ಅಂಚಿನ ಒಟ್ಟು ಉದ್ದ ಹೆಚ್ಚುತ್ತದೆ, ಕರೆಂಟ್ ಹಂಚಿಕೆಯಾಗುತ್ತದೆ. ಆಫ್ ಮಾಡುವಾಗ ಇದರ ತಿರುಗುಮುರುಗು ನಡೆಯುತ್ತದೆ: ಅಂಚು ಮೊದಲು ಆರುತ್ತದೆ, ಉಳಿದ ಕರೆಂಟ್ ಪಟ್ಟಿಯ ನಡುವಿಗೆ ಒತ್ತರಿಸುತ್ತದೆ. ಎರಡೂ ಸಂದರ್ಭದಲ್ಲಿ ಗುಂಪುಗೂಡಿದ ಜಾಗವೇ ಮೊದಲು ಬಿಸಿಯಾಗುವ ಜಾಗ.

2ಎನ್3055ರ ಡೇಟಾಶೀಟ್‌ನಲ್ಲಿ ಒಂದು ಕಡೆ 60 ವೋಲ್ಟ್, ಇನ್ನೊಂದು ಕಡೆ 100 ವೋಲ್ಟ್ ಎಂದಿದೆ. ಯಾವುದು ಸರಿ?

ಎರಡೂ ಸರಿ. ವಿನ್ಯಾಸಕ್ಕೆ 60ನ್ನೇ ಹಿಡಿಯಿರಿ. 100 ವೋಲ್ಟ್ ಎಂಬುದು ಎಮಿಟರನ್ನು ತೆರೆದಿಟ್ಟು ಕಲೆಕ್ಟರ್-ಬೇಸ್ ನಡುವೆ ಅಳೆದದ್ದು. ಅಲ್ಲಿ ಅದು ಬರೀ ಒಂದು ಡಯೋಡ್. 60 ವೋಲ್ಟ್ ಎಂಬುದು ಬೇಸ್ ತೆರೆದಿಟ್ಟು ಕಲೆಕ್ಟರ್-ಎಮಿಟರ್ ನಡುವೆ ಅಳೆದದ್ದು. ಬೇಸ್ ತೆರೆದಿದ್ದರೆ ಕಲೆಕ್ಟರ್ ಸಂಧಿಯ ಸೋರಿಕೆ ಕರೆಂಟಿಗೆ ಹೊರಹೋಗಲು ಬೇರೆ ದಾರಿಯಿಲ್ಲ. ಅದು ಬೇಸ್ ಕರೆಂಟಿನಂತೆ ವರ್ತಿಸಿ, ಟ್ರಾನ್ಸಿಸ್ಟರ್ ತನ್ನ ಸೋರಿಕೆಯನ್ನು ತಾನೇ ವರ್ಧಿಸಿಕೊಳ್ಳುತ್ತದೆ. ಹಾಗಾಗಿ ಬೇಗ ಒಡೆಯುತ್ತದೆ. ಗೇನ್ (ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್ ಕರೆಂಟ್ ಹರಿಯುತ್ತದೆ ಎಂಬುದು) ಹೆಚ್ಚಿದ್ದಷ್ಟೂ ಈ ಎರಡು ಅಂಕಿಗಳ ಅಂತರ ಹೆಚ್ಚು. ಬೇಸ್ ಮತ್ತು ಎಮಿಟರ್ ನಡುವೆ ಒಂದು ರೆಸಿಸ್ಟರ್ ಹಾಕಿದರೆ ಸೋರಿಕೆಗೆ ದಾರಿ ಸಿಗುತ್ತದೆ. 2ಎನ್3055ಕ್ಕೆ 100 ಓಮ್ ಹಾಕಿದಾಗ ಮಿತಿ 70 ವೋಲ್ಟ್‌ಗೆ ಏರುತ್ತದೆ. ದುರಸ್ತಿ ಮಾಡುವಾಗ ಆ ರೆಸಿಸ್ಟರ್ ಸುಟ್ಟಿದ್ದರೆ “ಇಲ್ಲದಿದ್ದರೂ ನಡೆಯುತ್ತದೆ” ಎಂದು ಬಿಟ್ಟುಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ.

ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳ ಬಿಯು208, ಬಿಯು508 ಇದಕ್ಕೆ ಇನ್ನೂ ಸ್ಪಷ್ಟ ಉದಾಹರಣೆ: 1500 ವೋಲ್ಟ್ ಮತ್ತು 700 ವೋಲ್ಟ್. ಸೆಕೆಂಡಿಗೆ 15,625 ಸಲ ಫ್ಲೈಬ್ಯಾಕ್ ಪಲ್ಸ್ ಸಾವಿರ ವೋಲ್ಟ್ ದಾಟುವ ಹೊತ್ತಿಗೆ ಬೇಸ್ ಪೂರ್ತಿ ಆಫ್ ಆಗಿರಬೇಕಿತ್ತು. ಬೇಸ್ ಡ್ರೈವ್ ಕೆಟ್ಟರೆ ಆ ಟ್ರಾನ್ಸಿಸ್ಟರ್ ನಿಮಿಷವೂ ಬಾಳುತ್ತಿರಲಿಲ್ಲ.

ಬಿಸಿ547ಕ್ಕೆ ಗೇನ್ ನೂರರ ಮೇಲೆ ಇದೆ. ಪವರ್ ಟ್ರಾನ್ಸಿಸ್ಟರಿಗೆ ಏಕೆ ಇಷ್ಟು ಕಡಿಮೆ?

ಬೇಸ್ ದಪ್ಪವಾಗಿರುವುದರಿಂದ. ವೋಲ್ಟೇಜ್ ಹೆಚ್ಚಾದಾಗ ಸಂಧಿಯ ಎರಡೂ ಬದಿಯಲ್ಲಿ ಖಾಲಿ ವಲಯ ಹರಡುತ್ತದೆ; ಅದು ಬೇಸನ್ನು ದಾಟಿ ಎಮಿಟರ್ ಮುಟ್ಟಬಾರದು. ಅದಕ್ಕೆಂದು ಬೇಸ್ ದಪ್ಪ ಇಡುತ್ತಾರೆ. ದಪ್ಪ ಬೇಸ್ ದಾಟುವಾಗ ಹೆಚ್ಚು ಎಲೆಕ್ಟ್ರಾನ್‌ಗಳು ದಾರಿಯಲ್ಲೇ ಹೋಲ್‌ಗಳೊಂದಿಗೆ (ಎಲೆಕ್ಟ್ರಾನ್ ಇಲ್ಲದ ಖಾಲಿ ಸ್ಥಾನಗಳೊಂದಿಗೆ) ಕೂಡಿ ಕಳೆದುಹೋಗುತ್ತವೆ, ಗೇನ್ ಇಳಿಯುತ್ತದೆ.

ಇನ್ನೊಂದು ಮುಖ್ಯ ಸಂಗತಿಯೆಂದರೆ ಗೇನ್ ಸ್ಥಿರವಲ್ಲ. 2ಎನ್3055ಕ್ಕೆ 4 ಆಂಪಿಯರ್‌ನಲ್ಲಿ 20ರಿಂದ 70 ಎಂದು ಡೇಟಾಶೀಟ್ ಹೇಳುತ್ತದೆ. 10 ಆಂಪಿಯರ್‌ನಲ್ಲಿ ಖಾತ್ರಿ ಕೊಡುವುದು ಕೇವಲ 5. ಅಂದರೆ 10 ಆಂಪಿಯರ್ ಹರಿಸಲು ಬೇಸ್‌ಗೆ 2 ಆಂಪಿಯರ್ ಕೊಡಬೇಕಾಗಿ ಬರಬಹುದು. ಮೀಟರಿನ ಎಚ್‌ಎಫ್‌ಇ (ಗೇನ್) ಸಾಕೆಟ್‌ನಲ್ಲಿ 90 ತೋರಿಸಿತು ಎಂದು ಸಂತೋಷಪಡುವುದರಲ್ಲಿ ಅರ್ಥವಿಲ್ಲ. ಮೀಟರ್ ಅಳೆಯುವುದು ಕೆಲವೇ ಮಿಲಿಆಂಪಿಯರ್‌ನಲ್ಲಿ. ನಿಮ್ಮ ಆಂಪ್ಲಿಫೈಯರ್ ಕೆಲಸ ಮಾಡುವುದು ಆಂಪಿಯರ್‌ಗಳಲ್ಲಿ.

ಪೂರ್ತಿ ಆನ್ ಮಾಡಿದರೂ ಕಲೆಕ್ಟರ್-ಎಮಿಟರ್ ನಡುವೆ ಒಂದೆರಡು ವೋಲ್ಟ್ ಏಕೆ ಉಳಿಯುತ್ತದೆ?

ಡ್ರಿಫ್ಟ್ ಪದರವೇ ಕಾರಣ. ಕರೆಂಟ್ ಏರಿದಂತೆ ಆ ಪದರದ ರೋಧದಲ್ಲಿ ವೋಲ್ಟೇಜ್ ಬೀಳುತ್ತದೆ. ಹೊರಗಿನಿಂದ ಅಳೆದರೆ ಕಲೆಕ್ಟರ್ ಇನ್ನೂ ಬೇಸ್‌ಗಿಂತ ಮೇಲೆ ಇದೆ ಎಂದು ಕಾಣುತ್ತದೆ, ಆದರೆ ಒಳಗೆ ಸಂಧಿಯ ಜಾಗದಲ್ಲಿ ಪರಿಸ್ಥಿತಿ ತಿರುಗಿಬಿಟ್ಟಿರುತ್ತದೆ. ಸಂಧಿ ಫಾರ್ವರ್ಡ್ ಆಗುತ್ತದೆ, ಅಂದರೆ ಕರೆಂಟ್ ಹರಿಯುವ ದಿಕ್ಕಿಗೆ ತೆರೆದುಕೊಳ್ಳುತ್ತದೆ. ಆಗ ಬೇಸ್‌ನಿಂದ ಹೋಲ್‌ಗಳು ಡ್ರಿಫ್ಟ್ ಪದರದೊಳಗೆ ನುಗ್ಗುತ್ತವೆ, ಅವುಗಳ ಜೊತೆಗೆ ಅಷ್ಟೇ ಎಲೆಕ್ಟ್ರಾನ್‌ಗಳೂ ಸೇರುತ್ತವೆ, ಆ ಭಾಗದ ರೋಧ ಕುಸಿಯುತ್ತದೆ. ಪದರದ ಒಂದು ಭಾಗವಷ್ಟೇ ಹೀಗೆ ತುಂಬಿದ್ದರೆ ಅದು ಅರೆ ಸ್ಯಾಚುರೇಷನ್. ಪೂರ್ತಿ ತುಂಬಿದರೆ ಗಟ್ಟಿ ಸ್ಯಾಚುರೇಷನ್. ಸಣ್ಣ ಟ್ರಾನ್ಸಿಸ್ಟರಿನ ಗ್ರಾಫ್‌ನಲ್ಲಿ ಈ ನಡುವಿನ ವಲಯ ಕಾಣುವುದೇ ಇಲ್ಲ, ಹಾಗಾಗಿ ಅದರ ಪಾಠ ಓದಿ ಬಂದವರಿಗೆ ಇಲ್ಲಿ ಗೊಂದಲವಾಗುತ್ತದೆ.

ಅಂಕಿಗಳಲ್ಲಿ ನೋಡಿ. 2ಎನ್3055ಕ್ಕೆ 4 ಆಂಪಿಯರ್ ಕಲೆಕ್ಟರ್ ಕರೆಂಟ್, 0.4 ಆಂಪಿಯರ್ ಬೇಸ್ ಕರೆಂಟ್ ಇದ್ದಾಗ ಉಳಿಯುವ ವೋಲ್ಟೇಜ್ ಗರಿಷ್ಠ 1.1. ಅದೇ 10 ಆಂಪಿಯರ್ ಹರಿಸಿ, ಬೇಸ್‌ಗೆ 3.3 ಆಂಪಿಯರ್ ಸುರಿದರೂ 3 ವೋಲ್ಟ್‌ವರೆಗೆ ಉಳಿಯಬಹುದು. ಮೊದಲು ನಮ್ಮ ಕಡೆ ಅಂಗಡಿಗಳಲ್ಲಿ ಕೈಯಿಂದ ಕಟ್ಟುತ್ತಿದ್ದ 12 ವೋಲ್ಟ್ ಇನ್ವರ್ಟರುಗಳಲ್ಲಿ ಇದೇ ಟ್ರಾನ್ಸಿಸ್ಟರುಗಳ ಸಾಲು ಇರುತ್ತಿತ್ತು. ಬ್ಯಾಟರಿಯ 12ರಲ್ಲಿ 3 ವೋಲ್ಟ್ ಟ್ರಾನ್ಸಿಸ್ಟರಲ್ಲೇ ಕರಗಿದರೆ ಕಾಲು ಭಾಗ ಶಕ್ತಿ ಸಿಂಕ್ ಕಾಯಿಸಲು ಹೋದಂತೆ. ಒಂದೊಂದಕ್ಕೆ ಕಡಿಮೆ ಕರೆಂಟ್ ಬರುವಂತೆ ಹೆಚ್ಚು ಸಂಖ್ಯೆಯಲ್ಲಿ ಹಾಕುತ್ತಿದ್ದುದರ ಹಿಂದಿನ ಲೆಕ್ಕ ಇದು.

ಬೇಸ್ ಕರೆಂಟ್ ನಿಲ್ಲಿಸಿದ ತಕ್ಷಣ ಆಫ್ ಆಗುವುದಿಲ್ಲವೇ?

ಇಲ್ಲ. ಡ್ರಿಫ್ಟ್ ಪದರದಲ್ಲಿ ತುಂಬಿದ ಚಾರ್ಜ್ ಖಾಲಿಯಾಗುವವರೆಗೆ ಕಲೆಕ್ಟರ್ ಕರೆಂಟ್ ಏನೂ ಆಗದಂತೆ ಹರಿಯುತ್ತಲೇ ಇರುತ್ತದೆ. ಇದು ಸ್ಟೋರೇಜ್ ಸಮಯ. ಹೆಚ್ಚು ವೋಲ್ಟೇಜ್‌ನ ಟ್ರಾನ್ಸಿಸ್ಟರುಗಳಲ್ಲಿ ಇದು ಕೆಲವು ಮೈಕ್ರೋಸೆಕೆಂಡ್. ಕಡಿಮೆ ಎನಿಸಬಹುದು, ಆದರೆ ಸೆಕೆಂಡಿಗೆ 50,000 ಸಲ ಆನ್-ಆಫ್ ಆಗಬೇಕಾದ ಎಸ್‌ಎಂಪಿಎಸ್‌ನಲ್ಲಿ (ಸ್ವಿಚಿಂಗ್ ಪವರ್ ಸಪ್ಲೈಯಲ್ಲಿ) ಒಂದು ಸುತ್ತಿಗೆ ಸಿಗುವುದೇ 20 ಮೈಕ್ರೋಸೆಕೆಂಡ್.

ಚಾರ್ಜನ್ನು ಬೇಗ ಹೊರಗೆಳೆಯಲು ಬೇಸ್‌ಗೆ ಋಣ ವೋಲ್ಟೇಜ್ ಕೊಡುತ್ತಾರೆ. ಇಲ್ಲಿ ಎರಡು ಎಚ್ಚರ ಬೇಕು. ಮೊದಲನೆಯದು, ಎಮಿಟರ್‌ನ ಡೋಪಿಂಗ್ ಗಾಢವಾಗಿರುವುದರಿಂದ ಬೇಸ್-ಎಮಿಟರ್ ಸಂಧಿ ತಡೆಯುವ ಉಲ್ಟಾ ವೋಲ್ಟೇಜ್ ಬಹಳ ಕಡಿಮೆ: 2ಎನ್3055ಕ್ಕೆ 7 ವೋಲ್ಟ್. ಅದನ್ನು ಮೀರಿಸುತ್ತ ಹೋದರೆ ಟ್ರಾನ್ಸಿಸ್ಟರ್ ಒಮ್ಮೆಲೇ ಸಾಯದಿದ್ದರೂ ಗೇನ್ ಮೆಲ್ಲಗೆ ಕುಸಿಯುತ್ತದೆ. ಎರಡನೆಯದು, ಬೇಸನ್ನು ಒರಟಾಗಿ ಎಳೆದರೆ ಬೇಸ್-ಎಮಿಟರ್ ಸಂಧಿ ಮೊದಲೇ ಮುಚ್ಚಿಕೊಂಡು, ಡ್ರಿಫ್ಟ್ ಪದರದ ಚಾರ್ಜ್ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಕರೆಂಟಿನ ಬಾಲ ಉದ್ದವಾಗುತ್ತದೆ, ಶಾಖ ಹೆಚ್ಚುತ್ತದೆ. ಅದಕ್ಕೇ ಬೇಸ್ ದಾರಿಯಲ್ಲಿ ಸಣ್ಣ ಕಾಯಿಲ್ ಇಟ್ಟಿರುತ್ತಾರೆ. ಇನ್ನೊಂದು ಉಪಾಯ, ಕೆಲವು ಡಯೋಡ್‌ಗಳ ಬೇಕರ್ ಕ್ಲ್ಯಾಂಪ್ ಹಾಕಿ ಟ್ರಾನ್ಸಿಸ್ಟರ್ ಗಟ್ಟಿ ಸ್ಯಾಚುರೇಷನ್‌ಗೆ ಹೋಗದಂತೆ ತಡೆಯುವುದು. ಉಳಿಯುವ ವೋಲ್ಟೇಜ್ ಸ್ವಲ್ಪ ಹೆಚ್ಚುತ್ತದೆ, ಆಫ್ ಆಗುವುದು ಚುರುಕಾಗುತ್ತದೆ.

ವೋಲ್ಟೇಜ್, ಕರೆಂಟ್, ವ್ಯಾಟ್ ಎಲ್ಲವೂ ಮಿತಿಯೊಳಗೇ ಇತ್ತು. ಆದರೂ ಶಾರ್ಟ್ ಆಯಿತು. ಏಕೆ?

ಎಲ್ಲ ಪ್ರಶ್ನೆಗಳಲ್ಲಿ ಇದು ಅತ್ಯಂತ ಮುಖ್ಯ ಎಂದು ನಾನು ಭಾವಿಸುತ್ತೇನೆ. ಉತ್ತರ: ಎರಡನೆಯ ಬ್ರೇಕ್‌ಡೌನ್.

ವ್ಯಾಟ್ ಲೆಕ್ಕ ಹಾಕುವಾಗ ಶಾಖ ಚಿಪ್‌ನ ತುಂಬ ಸಮನಾಗಿ ಹುಟ್ಟುತ್ತದೆ ಎಂದು ನಾವು ಎಣಿಸಿಕೊಂಡಿರುತ್ತೇವೆ. ವಾಸ್ತವದಲ್ಲಿ ಹಾಗಿಲ್ಲ. ಚಿಪ್‌ನ ಯಾವುದೋ ಒಂದು ಮೂಲೆ ಉಳಿದದ್ದಕ್ಕಿಂತ ತುಸು ಹೆಚ್ಚು ಬಿಸಿಯಾಗುತ್ತದೆ. ಬೆಸುಗೆಯಲ್ಲಿ ಗುಳ್ಳೆ ಇದ್ದರೆ ಇನ್ನೂ ಬೇಗ. ಸಿಲಿಕಾನ್ ಸಂಧಿಯ ವೋಲ್ಟೇಜ್ ಒಂದು ಡಿಗ್ರಿ ಬಿಸಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಆದರೆ ಚಿಪ್‌ನ ಎಲ್ಲ ಭಾಗಕ್ಕೂ ಸಿಗುತ್ತಿರುವ ಬೇಸ್ ವೋಲ್ಟೇಜ್ ಒಂದೇ. ಆದ್ದರಿಂದ ಬಿಸಿ ಮೂಲೆಯಲ್ಲಿ ಹೆಚ್ಚು ಕರೆಂಟ್ ಹರಿಯುತ್ತದೆ. ಹೆಚ್ಚು ಕರೆಂಟಿನಿಂದ ಇನ್ನಷ್ಟು ಬಿಸಿ. ಆ ಬಿಸಿಯಿಂದ ಮತ್ತೂ ಕರೆಂಟ್. ಶಾಖ ಪಕ್ಕಕ್ಕೆ ಹರಡುವ ವೇಗಕ್ಕಿಂತ ಈ ಸುತ್ತು ಬೇಗ ತಿರುಗತೊಡಗಿದರೆ ಇಡೀ ಕರೆಂಟ್ ಸೂಜಿಮೊನೆಯಷ್ಟು ಜಾಗಕ್ಕೆ ಕುಗ್ಗುತ್ತದೆ. ಕಲೆಕ್ಟರ್ ವೋಲ್ಟೇಜ್ ತಟ್ಟನೆ ಕುಸಿಯುತ್ತದೆ. ಆ ಬಿಂದುವಿನಲ್ಲಿ ಸಿಲಿಕಾನ್ ಕರಗಿ, ಕಲೆಕ್ಟರ್-ಎಮಿಟರ್ ಶಾಶ್ವತವಾಗಿ ಶಾರ್ಟ್ ಆಗುತ್ತದೆ. ಅಷ್ಟರಲ್ಲಿ ಡಬ್ಬಿ ಮುಟ್ಟಿ ನೋಡಿದರೆ ಬರೀ ಉಗುರುಬೆಚ್ಚಗೆ ಇರಬಹುದು. ಫ್ಯೂಸ್ ಹಾರುವುದು ಆಮೇಲೆ.

ವೋಲ್ಟೇಜ್ ಹೆಚ್ಚಿದ್ದಷ್ಟೂ ಈ ಅಪಾಯ ಹೆಚ್ಚು. ಎಂಜೆ15003 ಎಂಬ 140 ವೋಲ್ಟ್, 20 ಆಂಪಿಯರ್, 250 ವ್ಯಾಟ್‌ನ ಟ್ರಾನ್ಸಿಸ್ಟರನ್ನು ನೋಡಿ. 50 ವೋಲ್ಟ್ ಇದ್ದಾಗ ಅದು 5 ಆಂಪಿಯರ್ ತಡೆಯುತ್ತದೆ, ಅಂದರೆ ಪೂರ್ತಿ 250 ವ್ಯಾಟ್. 100 ವೋಲ್ಟ್‌ಗೆ ಹೋದರೆ ಒಂದೇ ಆಂಪಿಯರ್, ಅಂದರೆ 100 ವ್ಯಾಟ್. ಡಬ್ಬಿ ಅದೇ, ಸಿಂಕ್ ಅದೇ, ಆದರೂ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಡಿತವಾಯಿತು. ಈ ಗೆರೆಯನ್ನು ಡೇಟಾಶೀಟ್‌ನ ಸೇಫ್ ಆಪರೇಟಿಂಗ್ ಏರಿಯಾ ಗ್ರಾಫ್‌ನಲ್ಲಿ ಎಳೆದಿರುತ್ತಾರೆ. ಮೊದಲ ಪುಟದ ದಪ್ಪಕ್ಷರದ ಅಂಕಿಗಳಿಗಿಂತ ಈ ಗ್ರಾಫ್ ಸಾವಿರ ಪಾಲು ಮುಖ್ಯ. ಟ್ರಾನ್ಸಿಸ್ಟರ್ ಆಯ್ಕೆ ಮಾಡುವವರು ಮೊದಲು ತೆರೆಯಬೇಕಾದ ಪುಟ ಅದು.

ಮೋಟಾರು, ರಿಲೇ, ಟ್ರಾನ್ಸ್‌ಫಾರ್ಮರ್‌ನಂಥ ಕಾಯಿಲ್ ಇರುವ ಲೋಡ್‌ಗಳಲ್ಲಿ ಆಫ್ ಆಗುವ ಗಳಿಗೆಯೇ ಗಂಡಾಂತರ. ಕರೆಂಟ್ ಪೂರ್ತಿ ಇರುವಾಗಲೇ ವೋಲ್ಟೇಜ್ ಮೇಲೇರುತ್ತದೆ, ಜೊತೆಗೆ ಕರೆಂಟ್ ಎಮಿಟರ್ ಪಟ್ಟಿಯ ನಡುವಿಗೆ ಒತ್ತರಿಸಿರುತ್ತದೆ. ಇದಕ್ಕೆ ಬೇರೆಯದೇ ಒಂದು ಸುರಕ್ಷಿತ ವಲಯದ ಗ್ರಾಫ್ ಇರುತ್ತದೆ. ವೋಲ್ಟೇಜ್ ಏರಿಕೆಯನ್ನು ತಗ್ಗಿಸುವ ಸ್ನಬ್ಬರ್, ಕಾಯಿಲ್‌ನ ಕರೆಂಟಿಗೆ ಬೇರೆ ದಾರಿ ಕೊಡುವ ಫ್ರೀವೀಲಿಂಗ್ ಡಯೋಡ್ ಇರುವುದು ಈ ಗಳಿಗೆಯನ್ನು ದಾಟಿಸಲು.

2ಎನ್3055ಕ್ಕೆ 15 ಆಂಪಿಯರ್ ಗುಣಿಸು 60 ವೋಲ್ಟ್ ಎಂದರೆ 900 ವ್ಯಾಟ್ ಆಗಬೇಕಲ್ಲ, ಡೇಟಾಶೀಟ್ 115 ವ್ಯಾಟ್ ಎನ್ನುತ್ತದೆ?

ಒಂದೊಂದು ಅಂಕಿಯೂ ಬೇರೆ ಬೇರೆ ಗೋಡೆ. ಮೂರನ್ನೂ ಒಮ್ಮೆಗೇ ಮುಟ್ಟುವಂತಿಲ್ಲ. 115 ವ್ಯಾಟ್ ಕೂಡ ಡಬ್ಬಿ 25 ಡಿಗ್ರಿಯಲ್ಲಿದ್ದರೆ ಮಾತ್ರ. ಅದಕ್ಕಿಂತ ಮೇಲೆ ಪ್ರತಿ ಡಿಗ್ರಿಗೆ 0.657 ವ್ಯಾಟ್ ಕಳೆಯಬೇಕು. ಡಬ್ಬಿ 100 ಡಿಗ್ರಿ ಮುಟ್ಟಿದಾಗ ಉಳಿಯುವುದು ಸುಮಾರು 66 ವ್ಯಾಟ್.

ಹೀಟ್ ಸಿಂಕ್ ಎಷ್ಟು ದೊಡ್ಡದಿರಬೇಕು?

ಅಂದಾಜಿನಲ್ಲಿ ಹೇಳುವುದು ಬೇಡ, ಲೆಕ್ಕ ಸುಲಭ. ಏಪ್ರಿಲ್‌ನಲ್ಲಿ ಗದಗದ ಒಂದು ತಗಡಿನ ಶೆಡ್‌ನೊಳಗೆ ಗಾಳಿ 40 ಡಿಗ್ರಿ ಎಂದಿಟ್ಟುಕೊಳ್ಳಿ. 2ಎನ್3055 ಒಂದು 30 ವ್ಯಾಟ್ ಶಾಖ ಹೊರಹಾಕಬೇಕು. ಸಂಧಿಯಿಂದ ಡಬ್ಬಿಗೆ ಪ್ರತಿ ವ್ಯಾಟ್‌ಗೆ 1.52 ಡಿಗ್ರಿ, ಪೇಸ್ಟ್ ಹಚ್ಚಿದ ಮೈಕಾಗೆ ಸುಮಾರು 0.5, ಸಿಂಕ್‌ಗೆ 1.5 ಹಿಡಿಯೋಣ. ಮೂರೂ ಕೂಡಿಸಿದರೆ 3.52. ಅದನ್ನು 30ರಿಂದ ಗುಣಿಸಿದರೆ ಸುಮಾರು 106. ಗಾಳಿಯ 40 ಸೇರಿಸಿದರೆ ಒಳಗಿನ ಸಂಧಿ 146 ಡಿಗ್ರಿ. ಟಿಒ-3ರ ಮಿತಿ 200, ಹಾಗಾಗಿ ನಡೆಯುತ್ತದೆ. ಇದೇ ಲೆಕ್ಕವನ್ನು 150 ಡಿಗ್ರಿ ಮಿತಿಯ ಪ್ಲಾಸ್ಟಿಕ್ ಟ್ರಾನ್ಸಿಸ್ಟರಿಗೆ ಹಾಕಿದರೆ ಅಂಚಿಗೆ ಬಂದು ನಿಂತಂತೆ. ಪೇಸ್ಟ್ ಇಲ್ಲದೆ ಒಣ ಮೈಕಾ ಕೂರಿಸಿದರೆ 0.5ರ ಜಾಗದಲ್ಲಿ 1 ಅಥವಾ ಅದಕ್ಕೂ ಹೆಚ್ಚು ಬರುತ್ತದೆ, ಅಂದರೆ ಒಂದೇ ಏಟಿಗೆ ಇನ್ನೂ 15 ಡಿಗ್ರಿ.

ಪೇಸ್ಟ್ ಹೆಚ್ಚು ಮೆತ್ತುವುದೂ ತಪ್ಪು. ಲೋಹಗಳ ನಡುವಿನ ಗಾಳಿಯ ಸಂದು ತುಂಬುವಷ್ಟು ಸಾಕು.

ನಮ್ಮ ಭಾಗದ ಇನ್ನೊಂದು ಶತ್ರು ಧೂಳು. ಜಿನ್ನಿಂಗ್ ಫ್ಯಾಕ್ಟರಿಯಲ್ಲೋ ಬೆಟಗೇರಿಯ ಮಗ್ಗಗಳ ಹತ್ತಿರವೋ ಇರುವ ಯಂತ್ರಗಳ ಸಿಂಕ್ ರೆಕ್ಕೆಗಳ ನಡುವೆ ಹತ್ತಿಯ ನವಿರು ಎಳೆ ಕಂಬಳಿಯಂತೆ ಒತ್ತಾಗಿ ಕೂತಿರುತ್ತದೆ. ಗಾಳಿಯೇ ಆಡದಿದ್ದರೆ 1.5 ಎಂದು ಬರೆದ ಸಿಂಕ್ 1.5 ಆಗಿ ಉಳಿಯುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಗಿರಣಿಗಳಲ್ಲಿ ಎಣ್ಣೆಯಂಶ ಇರುವ ಕೆಂಪು ಪುಡಿ ಅಂಟಿಕೊಳ್ಳುತ್ತದೆ, ಅದು ಊದಿದರೆ ಹೋಗುವುದಿಲ್ಲ, ಬ್ರಷ್ ಹಿಡಿದು ಉಜ್ಜಬೇಕು. ದುರಸ್ತಿಗೆ ಬಂದ ಯಂತ್ರದ ಸಿಂಕ್ ಸ್ವಚ್ಛ ಮಾಡದೆ ಹೊಸ ಟ್ರಾನ್ಸಿಸ್ಟರ್ ಹಾಕಿ ಕಳಿಸುವುದು ಗಿರಾಕಿಗೆ ಮಾಡುವ ಅನ್ಯಾಯ.

ಆಂಪ್ಲಿಫೈಯರ್‌ನಲ್ಲಿ ನಾಲ್ಕು ಟ್ರಾನ್ಸಿಸ್ಟರ್ ಜೋಡಿ ಇವೆ. ಪ್ರತಿಯೊಂದರ ಎಮಿಟರ್‌ಗೂ ಬಿಳಿಯ ಸಿಮೆಂಟ್ ರೆಸಿಸ್ಟರ್ ಏಕೆ?

ಕರೆಂಟನ್ನು ಸಮನಾಗಿ ಹಂಚಲು. ಚಿಪ್‌ನ ಒಂದು ಮೂಲೆಯಲ್ಲಿ ನಡೆಯುವ ಜಗಳವೇ ಸಮಾಂತರವಾಗಿ ಜೋಡಿಸಿದ ಟ್ರಾನ್ಸಿಸ್ಟರುಗಳ ನಡುವೆಯೂ ನಡೆಯುತ್ತದೆ: ಹೆಚ್ಚು ಬಿಸಿಯಾದದ್ದು ಹೆಚ್ಚು ಕರೆಂಟ್ ಕಸಿಯುತ್ತದೆ. ಒಂದು 20 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ಬೇಸ್-ಎಮಿಟರ್ ವೋಲ್ಟೇಜ್ ಸುಮಾರು 40 ಮಿಲಿವೋಲ್ಟ್ ಕಡಿಮೆಯಾಗುತ್ತದೆ. ರೆಸಿಸ್ಟರ್ ಇಲ್ಲದಿದ್ದರೆ ಇಷ್ಟಕ್ಕೇ ಕರೆಂಟ್ ಹಲವು ಪಟ್ಟಾಗಬಹುದು. 0.22 ಓಮ್ ಇದ್ದರೆ 3 ಆಂಪಿಯರ್‌ಗೆ ಅದರ ಮೇಲೆ 660 ಮಿಲಿವೋಲ್ಟ್ ಬೀಳುತ್ತದೆ. ಅದರೆದುರು 40 ಮಿಲಿವೋಲ್ಟ್‌ನ ವ್ಯತ್ಯಾಸ ನಗಣ್ಯ.

ಸಿಂಕ್‌ಗೆ ತಾಗಿಸಿ ಒಂದು ಸಣ್ಣ ಬಿಡಿ139 ಟ್ರಾನ್ಸಿಸ್ಟರ್ ಕೂರಿಸಿರುವುದನ್ನು ನೋಡಿರುತ್ತೀರಿ. ಸಿಂಕ್ ಬಿಸಿಯಾದಂತೆ ಬಯಾಸ್ ವೋಲ್ಟೇಜನ್ನು (ಸಿಗ್ನಲ್ ಇಲ್ಲದಾಗಲೂ ಬೇಸ್‌ಗೆ ಕೊಡುವ ವೋಲ್ಟೇಜನ್ನು) ತಾನಾಗಿ ಇಳಿಸುವುದು ಅದರ ಕೆಲಸ. ದುರಸ್ತಿ ಮಾಡಿದ ಮೇಲೆ ಅದನ್ನು ಸಿಂಕ್‌ಗೆ ಮತ್ತೆ ಬಿಗಿಯದೆ ತೂಗುಬಿಟ್ಟ ಆಂಪ್ಲಿಫೈಯರುಗಳು ನನ್ನ ಮೇಜಿನ ಮೇಲೆ ಬಂದಿವೆ. ಗಣೇಶ ಚೌತಿಯ ಮೆರವಣಿಗೆಯಲ್ಲಿ ಅರ್ಧ ರಾತ್ರಿಯವರೆಗೆ ಪೂರ್ಣ ದನಿಯಲ್ಲಿ ಬಾರಿಸುವ ಸೆಟ್‌ಗೆ ಇದು ನೇರ ಮರಣದ ದಾರಿ.

ಡಾರ್ಲಿಂಗ್ಟನ್ ಹಾಕಿದರೆ ಬೇಸ್ ಕರೆಂಟಿನ ಸಮಸ್ಯೆ ತೀರುತ್ತದೆಯಲ್ಲವೇ?

ತೀರುತ್ತದೆ, ಬೆಲೆ ಕೊಟ್ಟು. ಒಂದು ಟ್ರಾನ್ಸಿಸ್ಟರ್ ಇನ್ನೊಂದರ ಬೇಸ್‌ಗೆ ಕರೆಂಟ್ ಕೊಡುವಂತೆ ಒಂದೇ ಡಬ್ಬಿಯಲ್ಲಿ ಕಟ್ಟಿದ ಜೋಡಿಯೇ ಡಾರ್ಲಿಂಗ್ಟನ್. ಅಂಥ ಜೋಡಿಯಾದ ಟಿಐಪಿ122ರ ಗೇನ್ 3 ಆಂಪಿಯರ್‌ನಲ್ಲಿ ಕನಿಷ್ಠ 1000. ಆದರೆ ಎರಡನೆಯ ಟ್ರಾನ್ಸಿಸ್ಟರ್ ಎಂದಿಗೂ ಪೂರ್ತಿ ಸ್ಯಾಚುರೇಷನ್‌ಗೆ ಹೋಗಲಾರದು: ಮೊದಲನೆಯದರಲ್ಲಿ ಉಳಿದ ವೋಲ್ಟೇಜ್, ಮೇಲೆ ಒಂದು ಬೇಸ್-ಎಮಿಟರ್ ವೋಲ್ಟೇಜ್ ಸೇರಿ ಅಷ್ಟು ಉಳಿದೇ ಉಳಿಯುತ್ತದೆ. 3 ಆಂಪಿಯರ್‌ಗೆ ಗರಿಷ್ಠ 2 ವೋಲ್ಟ್, ಅಂದರೆ 6 ವ್ಯಾಟ್. ಸಿಂಕ್ ಇಲ್ಲದ ಟಿಒ-220ಗೆ ಇದು ಬಹಳವಾಯಿತು.

ಪಿಎನ್‌ಪಿ ಮಾದರಿಗಳು ಹೆಚ್ಚು ವೋಲ್ಟೇಜ್‌ನಲ್ಲಿ ಏಕೆ ಸಿಗುವುದಿಲ್ಲ?

ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್‌ಗಳು ಹೋಲ್‌ಗಳಿಗಿಂತ ಸುಮಾರು ಮೂರು ಪಟ್ಟು ಸಲೀಸಾಗಿ ಚಲಿಸುತ್ತವೆ. ಅಷ್ಟೇ ಕೆಲಸಕ್ಕೆ ಪಿಎನ್‌ಪಿಗೆ ದೊಡ್ಡ ಚಿಪ್ ಬೇಕು. ಆಡಿಯೋದಲ್ಲಿ ಜೋಡಿ ಬೇಕಾಗಿರುವುದರಿಂದ 2ಎಸ್‌ಸಿ5200ಕ್ಕೆ 2ಎಸ್‌ಎ1943 ಸಿಗುತ್ತದೆ. ಎರಡೂ 230 ವೋಲ್ಟ್, 15 ಆಂಪಿಯರ್.

ಮಲ್ಟಿಮೀಟರಿನಲ್ಲಿ ಹೇಗೆ ಪರೀಕ್ಷಿಸುವುದು?

ಸರ್ಕ್ಯೂಟ್‌ನಿಂದ ಬಿಚ್ಚಿ, ಡಯೋಡ್ ರೇಂಜ್‌ನಲ್ಲಿ ಇಡಿ. ಎನ್‌ಪಿಎನ್ ಆದರೆ ಕೆಂಪು ಕಡ್ಡಿ ಬೇಸ್‌ಗೆ. ಎಮಿಟರ್ ಮತ್ತು ಕಲೆಕ್ಟರ್ ಎರಡರ ಕಡೆಗೂ ಸುಮಾರು 0.45ರಿಂದ 0.65 ವೋಲ್ಟ್ ತೋರಿಸಬೇಕು. ಎಮಿಟರ್ ಕಡೆಯದು ಸಾಮಾನ್ಯವಾಗಿ ಕೂದಲಷ್ಟು ಹೆಚ್ಚು. ಕಲೆಕ್ಟರ್-ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಏನೂ ಬರಬಾರದು. ಡಾರ್ಲಿಂಗ್ಟನ್‌ನಲ್ಲಿ ಒಳಗಿನ ರೆಸಿಸ್ಟರುಗಳೂ ಡಯೋಡೂ ಅಳತೆಯನ್ನು ಬದಲಿಸುತ್ತವೆ. ಬಿಯು508ಡಿಯಲ್ಲಿ ಬೇಸ್-ಎಮಿಟರ್ ನಡುವೆ ಕೆಲವೇ ಹತ್ತು ಓಮ್ ರೆಸಿಸ್ಟರ್ ಒಳಗೇ ಇರುತ್ತದೆ, ಅದನ್ನು ಶಾರ್ಟ್ ಎಂದು ಎಸೆಯಬೇಡಿ.

ಮೀಟರ್ “ಚೆನ್ನಾಗಿದೆ” ಎಂದಮಾತ್ರಕ್ಕೆ ನಂಬಲೂಬೇಡಿ. ಅದು ಪರೀಕ್ಷಿಸುವುದು ಎರಡು ಮೂರು ವೋಲ್ಟ್‌ನಲ್ಲಿ. 40 ವೋಲ್ಟ್‌ನಲ್ಲಿ ಸೋರುವ ಟ್ರಾನ್ಸಿಸ್ಟರ್ ಅಲ್ಲಿ ಸಿಕ್ಕಿಬೀಳುವುದಿಲ್ಲ.

ನಕಲಿ ಟ್ರಾನ್ಸಿಸ್ಟರ್ ಗುರುತಿಸುವುದು ಹೇಗೆ?

2ಎನ್3055, 2ಎಸ್‌ಸಿ5200 ಎರಡಕ್ಕೂ ನಕಲಿಯ ಕಾಟ ಬಹಳ. ದೊಡ್ಡ ಡಬ್ಬಿಯೊಳಗೆ ಪುಟ್ಟ ಚಿಪ್ ಕೂರಿಸಿ ಹೊರಗೆ ಹೆಸರು ಮುದ್ರಿಸುತ್ತಾರೆ. ಮೀಟರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹತ್ತಿಪ್ಪತ್ತು ಒಟ್ಟಿಗೆ ಕೊಳ್ಳುವವರು ಒಂದನ್ನು ಬಲಿಕೊಟ್ಟು ಒಡೆದು ನೋಡುವುದು ಒಳ್ಳೆಯದು. ಅಸಲಿಯೆಂದು ಖಚಿತವಿರುವ ಹಳೆಯ, ಸುಟ್ಟ ಒಂದನ್ನು ಪಕ್ಕದಲ್ಲಿ ತೆರೆದಿಟ್ಟು ಚಿಪ್‌ನ ಗಾತ್ರ ಹೋಲಿಸಿ. ಬೆಲೆ ನಂಬಲಾರದಷ್ಟು ಅಗ್ಗವಿದ್ದರೆ ನಂಬಬೇಡಿ.

ಈಗ ಮಾಸ್ಫೆಟ್, ಐಜಿಬಿಟಿ ಎಂಬ ಬೇರೆ ಬಗೆಯ ಪವರ್ ಸಾಧನಗಳು ಬಂದಿವೆ. ಇದನ್ನು ಕಲಿಯುವ ಅಗತ್ಯವಿದೆಯೇ?

ಇದೆ. ಇನ್ವರ್ಟರ್, ಮೋಟಾರ್ ಡ್ರೈವ್‌ಗಳಿಂದ ಬೈಪೋಲಾರ್ ಟ್ರಾನ್ಸಿಸ್ಟರ್ (ಇಲ್ಲಿಯವರೆಗೆ ನಾವು ನೋಡಿದ ಬಗೆ) ಬಹುಮಟ್ಟಿಗೆ ಹೊರಟುಹೋಗಿದೆ, ನಿಜ. ಮಾಸ್ಫೆಟ್‌ಗೆ ನಿರಂತರ ಬೇಸ್ ಕರೆಂಟ್ ಬೇಡ. ಪೂರ್ತಿ ಆನ್ ಇದ್ದಾಗ ಬಿಸಿಯಾದಂತೆ ಅದರ ರೋಧ ಹೆಚ್ಚುವುದರಿಂದ ಸಮಾಂತರ ಜೋಡಣೆಯಲ್ಲಿ ಕರೆಂಟ್ ತಾನಾಗಿ ಹಂಚಿಹೋಗುತ್ತದೆ. ಆದರೆ ಆಡಿಯೋ ಔಟ್‌ಪುಟ್, ಲೀನಿಯರ್ ಪವರ್ ಸಪ್ಲೈ, ಅಗ್ಗದ ಚಾರ್ಜರ್ ಮತ್ತು ದೀಪಗಳ 13003 ಜಾತಿಯ ಟ್ರಾನ್ಸಿಸ್ಟರುಗಳಲ್ಲಿ ಅದು ಇಂದಿಗೂ ದುಡಿಯುತ್ತಿದೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಐಜಿಬಿಟಿಯ ಒಳಗೇ ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್ ಕುಳಿತಿದೆ, ಮಾಸ್ಫೆಟ್ ಅದಕ್ಕೆ ಬೇಸ್ ಕರೆಂಟ್ ಕೊಡುತ್ತದೆ. ಅದರ ಡ್ರಿಫ್ಟ್ ಪದರವೂ ಇದೇ ರೀತಿ ಚಾರ್ಜ್ ತುಂಬಿಕೊಂಡು ರೋಧ ಇಳಿಸುತ್ತದೆ. ಆಫ್ ಆಗುವಾಗ ಕಾಣುವ ಕರೆಂಟಿನ ಬಾಲ ಆ ಚಾರ್ಜಿನದೇ. ಹುಬ್ಬಳ್ಳಿಯ ಹಳಿಗಳ ಮೇಲೆ ಓಡುವ ವಿದ್ಯುತ್ ಎಂಜಿನ್‌ಗಳ ಕನ್ವರ್ಟರ್ ಆಗಲಿ, ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಯಂತ್ರಗಳದ್ದಾಗಲಿ, ಐಜಿಬಿಟಿಯನ್ನು ನಾಳೆ ದುರಸ್ತಿ ಮಾಡಬೇಕಾದ ಹುಡುಗ ಹುಡುಗಿಯರಿಗೆ 2ಎನ್3055ರ ಮೇಲೆ ಕಲಿತ ಒಂದು ಪಾಠವೂ ವ್ಯರ್ಥವಾಗುವುದಿಲ್ಲ.

ಹೊಸ ಟ್ರಾನ್ಸಿಸ್ಟರ್ ಹಾಕಿದ ಮೇಲೆ ಮೊದಲ ಸಲ ಕರೆಂಟ್ ಕೊಡುವುದು ಹೇಗೆ?

ಮೊದಲು ಡ್ರೈವರ್ ಟ್ರಾನ್ಸಿಸ್ಟರ್, ಎಮಿಟರ್ ರೆಸಿಸ್ಟರ್, ಬೇಸ್ ರೆಸಿಸ್ಟರ್ ಎಲ್ಲವನ್ನೂ ಅಳೆಯಿರಿ. ಔಟ್‌ಪುಟ್ ಒಂದು ಶಾರ್ಟ್ ಆದಾಗ ಇವು ಹೆಚ್ಚಾಗಿ ಜೊತೆಗೇ ಹೋಗಿರುತ್ತವೆ. ಸ್ಪೀಕರ್ ಬಿಚ್ಚಿಡಿ. ಮೇನ್ಸ್ ದಾರಿಯಲ್ಲಿ 60 ಅಥವಾ 100 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬ್ ಸೀರೀಸ್‌ನಲ್ಲಿ ಹಾಕಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಸ್ವಿಚ್ ಹಾಕಿದಾಗ ಕೆಪಾಸಿಟರುಗಳು ತುಂಬುವವರೆಗೆ ಬಲ್ಬ್ ಒಮ್ಮೆ ಮಿಂಚಿ ನಂತರ ಮಂಕಾದರೆ ಸರಿ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ, ಎಲ್ಲೋ ಶಾರ್ಟ್ ಉಳಿದಿದೆ. ಮಂಕಾಗಿದ್ದರೆ ಔಟ್‌ಪುಟ್‌ನಲ್ಲಿ ಡಿಸಿ ಅಳೆಯಿರಿ. ಪ್ಲಸ್-ಮೈನಸ್ ಸಪ್ಲೈ ಇರುವ ಸೆಟ್‌ನಲ್ಲಿ ಅದು ಸೊನ್ನೆಯ ಆಸುಪಾಸು ಕೆಲವು ಹತ್ತು ಮಿಲಿವೋಲ್ಟ್ ಇರಬೇಕು. ಆಮೇಲೆ ಬಲ್ಬ್ ತೆಗೆದು, ಬಯಾಸ್ ಪ್ರಿಸೆಟ್ ಅತ್ಯಂತ ಕೆಳಗಿರುವಾಗ ಮತ್ತೆ ಕರೆಂಟ್ ಕೊಟ್ಟು, ಎಮಿಟರ್ ರೆಸಿಸ್ಟರ್ ಮೇಲಿನ ಮಿಲಿವೋಲ್ಟ್ ನೋಡುತ್ತ ನಿಧಾನವಾಗಿ ಏರಿಸಿ. ಸಿಂಕ್ ಬಿಸಿಯಾಗುವವರೆಗೆ ಕಾದು ಇನ್ನೊಮ್ಮೆ ಅಳೆಯಿರಿ. ಬಿಸಿಯಾದ ಮೇಲೂ ಅಂಕಿ ಏರುತ್ತಲೇ ಹೋಗುತ್ತಿದ್ದರೆ ಆ ಬಿಡಿ139 ಸಿಂಕ್‌ಗೆ ಸರಿಯಾಗಿ ತಾಗಿಲ್ಲ ಎಂದರ್ಥ. ಅದನ್ನು ಬಿಗಿದು, ಬಯಾಸ್ ಮತ್ತೆ ಕೆಳಗಿನಿಂದ ಹೊಂದಿಸಿ.